ಜಾಮ್ ಫ್ಯಾಕ್ಟರಿ ಕ್ಲಬ್ಬಿನ ಕೆಟ್ಟ ಹೆಸರು

1965ರ ನವೆಂಬರ್. ಲಂಡನ್ನಿನ ಗ್ರಿಫಿನ್ ಪಾರ್ಕ್ ಸ್ಟೇಡಿಯಂನಲ್ಲಿ ಬ್ರೆಂಟ್‌ಫರ್ಡ್, ಮಿಲ್‌ವಾಲ್ ಅನ್ನೋ ಎರಡು ಲಂಡನ್ ಕ್ಲಬ್ಬುಗಳ ಫುಟ್‌ಬಾಲ್ ಮ್ಯಾಚ್ ನಡೀತಿದೆ, ಮಿಲ್‌ವಾಲ್ ಫ್ಯಾನ್ಸ್ ನಿಂತಿದ್ದ ಕಡೆಯಿಂದ ಏನೋ ಒಂದು ಹಾರ್ಕೊಂಡು ಬಂದು ಗ್ರೌಂಡಲ್ಲಿ ಬಿತ್ತು. ಕಲ್ಲಲ್ಲ, ಬಾಟ್ಲಿ ಅಲ್ಲ, ಹ್ಯಾಂಡ್ ಗ್ರೆನೇಡು. ನೀವು ನಾನು ಆಗಿದ್ರೆ ಚಪ್ಪಲಿ ಬಿಟ್ಟು ಓಡಿರ್ತಿದ್ವಿ. ಬ್ರೆಂಟ್‌ಫರ್ಡ್ ಗೋಲ್‌ಕೀಪರ್ ಚಿಕ್ ಬ್ರೋಡಿ ಅನ್ನೋ ಪುಣ್ಯಾತ್ಮ ಹೋಗಿ ಅದನ್ನ ಕೈಗೆತ್ಕೊಂಡ, ಸಂತೇಲಿ ಬದನೆಕಾಯಿ ತೂತಾಗಿದ್ಯಾ ಅಂತ ತಿರುಗಿಸಿ ನೋಡ್ತೀವಲ್ಲ ಹಾಗೆ ನೋಡ್ದ, ಆಮೇಲೆ ತನ್ನದೇ ಗೋಲಿನೊಳಗೆ ಎಸೆದ. ಗೋಲ್ ಕಾಯೋಕೆ ಸಂಬಳ ತಗೊಳ್ಳೋನು ಬಾಂಬನ್ನ ಗೋಲೊಳಗೇ ಹಾಕೋದು ಯಾವ ಲೆಕ್ಕ ಅಂತ ನನಗಿನ್ನೂ ಅರ್ಥ ಆಗಿಲ್ಲ. ಪೊಲೀಸ್ರು ತಗೊಂಡ್ಹೋಗಿ ನೋಡಿದ್ರೆ ಅದು ಡಮ್ಮಿ, ಠುಸ್ ಪಟಾಕಿ. ಆದ್ರೆ ದಿ ಸನ್ ಪೇಪರಿನವರು ಫುಟ್‌ಬಾಲ್ ಯುದ್ಧಕ್ಕೆ ಹೊರಟಿದೆ ಅಂತ ಹೆಡ್‌ಲೈನ್ ಹಾಕಿಬಿಟ್ರು. ಗ್ರೆನೇಡು ಸಿಡೀಲಿಲ್ಲ, ಹೆಡ್‌ಲೈನ್ ಸಿಡೀತು.

ಈ ಬ್ರೋಡಿನ ಸ್ವಲ್ಪ ನೆನಪಲ್ಲಿಟ್ಕೊಳಿ.

ಮಿಲ್‌ವಾಲ್ ಕ್ಲಬ್ ಹುಟ್ಟಿದ್ದು 1885ರಲ್ಲಿ, ಮಾರ್ಟನ್ ಅನ್ನೋ ಕಂಪನಿಯ ಜಾಮು, ಡಬ್ಬಿ ತಿಂಡಿ ಮಾಡೋ ಫ್ಯಾಕ್ಟರಿಯಲ್ಲಿ. ಜಗತ್ತಿನ ಅತಿ ಕಹಿ ಹೆಸರಿನ ಕ್ಲಬ್ಬು ಜಾಮ್ ಫ್ಯಾಕ್ಟರಿಯಲ್ಲಿ ಹುಟ್ತು ಅಂದ್ರೆ ದೇವರಿಗೂ ತಮಾಷೆ ಮಾಡೋಕೆ ಬರತ್ತೆ ಅಂತಾಯ್ತು. ಆ ಜಾಗದ ಹೆಸರು ಐಲ್ ಆಫ್ ಡಾಗ್ಸ್, ಅಂದ್ರೆ ನಾಯಿಗಳ ದ್ವೀಪ. ಹಡಗುಕಟ್ಟೆ ಕೂಲಿಗಳ ಕ್ಲಬ್ಬು ಆದ್ದರಿಂದ ಮೊದಲು ಡಾಕರ್ಸ್ ಅಂತಿದ್ರು, ಆಮೇಲೆ ಬಡ್ತಿ ಪಡ್ಕೊಂಡು ಲಯನ್ಸ್ ಆದ್ರು, 1910ರಲ್ಲಿ ಥೇಮ್ಸ್ ನದಿ ದಾಟಿ ದಕ್ಷಿಣಕ್ಕೆ ಬಂದು ಗ್ರೌಂಡಿಗೆ ದಿ ಡೆನ್ ಅಂತ ಹೆಸರಿಟ್ರು. ಸಿಂಹದ ಗುಹೆ. ಒಳಗೆ ಹೋದ ಹೆಜ್ಜೆ ಗುರುತು ಕಾಣತ್ತೆ, ಹೊರಗೆ ಬಂದದ್ದು ಕಾಣಲ್ಲ ಅನ್ನೋ ನರಿ ಕಥೆ ಇದ್ಯಲ್ಲ, ಎದುರಾಳಿ ಟೀಮಿನ ಫ್ಯಾನ್‌ಗಳಿಗೆ ಅದು ಕಥೆ ಅಲ್ಲ, ಟ್ರಾವೆಲ್ ಅಡ್ವೈಸು.

1920ರಲ್ಲಿ ನ್ಯೂಪೋರ್ಟ್ ಕೌಂಟಿ ಅನ್ನೋ ಕ್ಲಬ್ಬಿನ ಗೋಲ್‌ಕೀಪರ್ ಮೇಲೆ ಜನ ಏನೇನೋ ಎಸೆದ್ರು, ಆ ಯಪ್ಪ ಸಿಟ್ಟಿಗೆದ್ದು, ಬನ್ರೋ ನೋಡ್ಕೊತೀನಿ ಅಂತ ಪ್ರೇಕ್ಷಕರ ನಡುವೆನೇ ಜಿಗಿದ, ಅಲ್ಲೊಬ್ಬ ಒಂದೇ ಏಟಿಗೆ ಅವನನ್ನ ಮಲಗಿಸ್ದ. ಶಿಕ್ಷೆ ಏನಪ್ಪಾ ಅಂದ್ರೆ ಗ್ರೌಂಡಿಗೆ ಎರಡು ವಾರ ಬೀಗ. ಗುದ್ದಿದವನು ಆ ಎರಡು ವಾರ ಪಬ್ಬಲ್ಲಿ ಕೂತು ಆ ಗುದ್ದಿನ ವರ್ಣನೆ ಮಾಡಿರ್ತಾನೆ, ಗ್ಯಾರಂಟಿ. ಆಮೇಲೆ 1934, 1947, 1950, 1978, ಒಟ್ಟು ಐದು ಸಲ ಫುಟ್‌ಬಾಲ್ ಅಸೋಸಿಯೇಷನ್ನಿನವರು ಅದೇ ಗ್ರೌಂಡಿಗೆ ಬೀಗ ಹಾಕಿದ್ರು. ಗಲಾಟೆ ಮಾಡೋದು ಜನ, ಸಸ್ಪೆಂಡ್ ಆಗೋದು ಹುಲ್ಲು.

1967ರ ಜನವರಿ ಇನ್ನೂ ಚೆಂದ. ಅಲ್ಲಿವರೆಗೆ ತಮ್ಮ ಗ್ರೌಂಡಲ್ಲಿ ಸತತ 59 ಮ್ಯಾಚ್ ಸೋಲದೆ ಬಂದಿದ್ರು, ನಿಜಕ್ಕೂ ದೊಡ್ಡ ಸಾಧನೆ, ಪ್ಲಿಮತ್ ಆರ್ಗೈಲ್ ಬಂದು ಸೋಲಿಸಿಬಿಟ್ಟಿತು. ಗೆದ್ದ ಟೀಮಿಗೆ ಸಿಕ್ಕ ಬಹುಮಾನ ಏನು ಗೊತ್ತಾ, ಅವರ ಬಸ್ಸಿನ ಕಿಟಕಿ ಗಾಜು ಪುಡಿಪುಡಿ.

ಇಲ್ಲಿವರೆಗೂ ಇದು ಒಂದು ಏರಿಯಾದ ಜಗಳ ಅನ್ಕೊಳಿ. ಅದನ್ನ ರಾಷ್ಟ್ರೀಯ ಉತ್ಸವ ಮಾಡಿದ್ದು ಯಾರು ಅಂದ್ರೆ ಅದನ್ನ ಖಂಡಿಸಿದವರು. 1974ರಲ್ಲಿ ಡೈಲಿ ಮಿರರ್ ಪೇಪರು ಯಾವ ಕ್ಲಬ್ಬಿನ ಫ್ಯಾನ್‌ಗಳು ಎಷ್ಟು ರೌಡಿಗಳು ಅಂತ ಹಿಂಸೆಯ ಲೀಗ್ ಟೇಬಲ್ ಅಂತಾನೇ ಛಾಪಿಸ್ತು. ಸಮಾಜದ ಕಳಕಳಿ ನೋಡಿ! ಟೀಮು ಮೂರನೇ ಡಿವಿಷನ್ನಲ್ಲಿ ತೆವಳ್ತಿರೋ ಊರಿನ ಹುಡುಗನಿಗೆ, ಮಗಾ, ಇಲ್ಲೊಂದು ಟೇಬಲ್ ಇದೆ, ಇದರಲ್ಲಿ ನೀನು ಟಾಪ್ ಬರಬಹುದು, ಕೋಚಿಂಗ್ ಬೇಡ ಏನೂ ಬೇಡ ಅಂದ್ರೆ ಅವನು ಸುಮ್ನೆ ಕೂರ್ತಾನಾ?

1977ರಲ್ಲಿ ಬಿಬಿಸಿ ತನ್ನ ಪನೋರಮಾ ಕಾರ್ಯಕ್ರಮಕ್ಕೆ ಕ್ಯಾಮೆರಾ ಹೊತ್ಕೊಂಡು ಮಿಲ್‌ವಾಲ್‌ಗೇ ಬಂತು. ಅಲ್ಲಿ ಗಲಾಟೆ ಮಾಡೋರಲ್ಲೂ ಡಿಪಾರ್ಟ್‌ಮೆಂಟ್‌ಗಳಿದ್ವು: ಹಾಫ್‌ವೇ ಲೈನ್, ಟ್ರೀಟ್‌ಮೆಂಟ್, ಎಫ್ ಟ್ರೂಪ್. ಟ್ರೀಟ್‌ಮೆಂಟ್ ಗುಂಪಿನವರು ಆಪರೇಷನ್ ಥಿಯೇಟರಲ್ಲಿ ಡಾಕ್ಟ್ರು ಹಾಕ್ತಾರಲ್ಲ ಆ ಟೋಪಿ ಹಾಕ್ಕೊಂಡು ಬರ್ತಿದ್ರು. ಚಿಕಿತ್ಸೆ ಉಚಿತ, ಆದ್ರೆ ಟ್ರೀಟ್‌ಮೆಂಟ್ ಆದ್ಮೇಲೆನೇ ಆಸ್ಪತ್ರೆಗೆ ಹೋಗ್ಬೇಕು, ಅಷ್ಟೇ ವ್ಯತ್ಯಾಸ. ದೇಶಕ್ಕೆ ದೇಶವೇ ಟೀವಿ ಮುಂದೆ ಕೂತು ಛೆ ಛೆ ಅಂದಿರ್ತಾರೆ, ಊರೂರಿನ ಹುಡುಗರು ಆ ಟೋಪಿ ಎಲ್ಲಿ ಸಿಗತ್ತೆ ಅಂತ ವಿಚಾರಿಸಿರ್ತಾರೆ.

ಇನ್ನು ಇವರ ಆವಿಷ್ಕಾರ. ಗೇಟಲ್ಲಿ ಪೊಲೀಸ್ರು ಜೇಬು ತಡವಿ ಏನಿದ್ರೂ ಕಿತ್ಕೊಳ್ಳೋಕೆ ಶುರು ಮಾಡಿದ್ರು, ಇವರು ಕಂಕುಳಲ್ಲಿ ಬರೀ ಪೇಪರ್ ಇಟ್ಕೊಂಡು ಬಂದ್ರು, ಪಾಪ ಓದೋ ಹುಡುಗ್ರು ಅಂತ ಪೊಲೀಸ್ರು ಒಳಗೆ ಬಿಟ್ರು. ಒಳಗೆ ಹೋಗಿ ಅದನ್ನ ಸುತ್ತಿ ಮಡಚಿ ಒತ್ತಿ ಒಂದು ಗಟ್ಟಿ ದೊಣ್ಣೆ ಮಾಡ್ಕೊಂಡ್ರು. ಅದಕ್ಕೆ ಮಿಲ್‌ವಾಲ್ ಬ್ರಿಕ್ ಅಂತಾನೇ ಹೆಸರು, ಮಿಲ್‌ವಾಲ್ ಇಟ್ಟಿಗೆ. ಪತ್ರಿಕೋದ್ಯಮಕ್ಕೆ ಸಮಾಜದ ಮೇಲೆ ನೇರ ಪರಿಣಾಮ ಬೀರೋ ಶಕ್ತಿ ಇದೆ ಅಂತಾರಲ್ಲ, ತಲೆ ಮೇಲೆ ಬೀರಿದ್ದು ಬಹುಶಃ ಇಲ್ಲೇ. ಹಿಂಸೆಯ ಲೀಗ್ ಟೇಬಲ್ ಛಾಪಿಸಿದ ಪುಟವನ್ನೇ ಯಾರಾದ್ರೂ ಇಟ್ಟಿಗೆ ಮಾಡ್ಕೊಂಡಿದ್ರೆ ಅದಕ್ಕಿಂತ ಒಳ್ಳೆ ಪುಸ್ತಕ ವಿಮರ್ಶೆ, ಸಾರಿ, ಪತ್ರಿಕಾ ವಿಮರ್ಶೆ ಇನ್ನೊಂದಿಲ್ಲ.

1978ರ ಮಾರ್ಚಲ್ಲಿ ಫುಟ್‌ಬಾಲ್ ಅಸೋಸಿಯೇಷನ್ನಿನ ನಾಕೌಟ್ ಟೂರ್ನಿ ಎಫ್ಎ ಕಪ್ಪಿನ ಕ್ವಾರ್ಟರ್ ಫೈನಲ್ಲು, ಇಪ್ಸ್‌ವಿಚ್ ಬಂದು 6-1ರಿಂದ ಚಚ್ಚಿತು, ಮತ್ತೆ ಗಲಾಟೆ. ಇಪ್ಸ್‌ವಿಚ್ ಮ್ಯಾನೇಜರ್ ಬಾಬಿ ರಾಬ್ಸನ್ ಅಂತ, ತುಂಬಾ ಸಜ್ಜನ ಅಂತ ಹೆಸರಾದ ಮನುಷ್ಯ, ಇವರ ಮೇಲೆ ಬೆಂಕಿ ಉಗುಳೋ ಫ್ಲೇಮ್ ಥ್ರೋವರ್ ಬಿಡ್ಬೇಕಿತ್ತು ಅಂದುಬಿಟ್ಟ! ಮುಂದೆ ಇವರೇ ಇಂಗ್ಲೆಂಡ್ ಟೀಮಿನ ಮ್ಯಾನೇಜರ್ ಆದ್ರು, ಸರ್ ಪದವಿನೂ ಬಂತು. ಸಜ್ಜನರ ಬಾಯಲ್ಲೇ ಬೆಂಕಿ ಬರಿಸಿದ ಕೀರ್ತಿ ನಮ್ಮ ಸಿಂಹಗಳದ್ದು.

ಈಗ ಬರೋಣ 1985ಕ್ಕೆ. ಮಾರ್ಚ್ 13, ಲೂಟನ್ ಊರು, ಕೆನಿಲ್‌ವರ್ತ್ ರೋಡ್ ಸ್ಟೇಡಿಯಂ, ಮತ್ತದೇ ಎಫ್ಎ ಕಪ್ ಕ್ವಾರ್ಟರ್ ಫೈನಲ್. ಆ ಸ್ಟೇಡಿಯಂ ಮಜಾ ಏನಂದ್ರೆ ಹೊರಗಿನ ಊರಿನ ಫ್ಯಾನ್ಸ್ ಹೋಗೋ ಬಾಗಿಲು ಸಾಲುಮನೆಗಳ ನಡುವೆ ಇದೆ, ಯಾರದೋ ಬೆಡ್‌ರೂಮಿನ ಕೆಳಗೆ ನುಸುಳಿ ಮೆಟ್ಟಿಲು ಹತ್ತಿದ್ರೆ ಪಕ್ಕದ ಮನೆ ಹಿತ್ತಲಲ್ಲಿ ಒಣಗಾಕಿದ ಬಟ್ಟೆ ಕಾಣತ್ತೆ. ಇಂಥ ಸಂದೀಲಿ ಸಾವಿರಾರು ಜನ ನುಗ್ಗಿದ್ರು. ಆಟ ಶುರುವಾಗಿ ಕಾಲು ಗಂಟೆ ಆಗೋಷ್ಟರಲ್ಲಿ ರೆಫ್ರಿ ಎರಡೂ ಟೀಮನ್ನ ಒಳಗೆ ಕಳಿಸ್ಬೇಕಾಯ್ತು. ಲೂಟನ್ ಗೋಲ್‌ಕೀಪರ್ ತಲೆಗೆ ಏನೋ ಬಂದು ಬಡೀತು, ಆಮೇಲೆ ನೋಡಿದ್ರೆ ಗೋಲ್ ಹತ್ರ ಒಂದು ಚಾಕುನೂ ಬಿದ್ದಿತ್ತು. ಬ್ರಯಾನ್ ಸ್ಟೈನ್ ಹೊಡೆದ ಒಂದೇ ಗೋಲಲ್ಲಿ ಲೂಟನ್ ಗೆಲ್ತು. ಸೀಟಿ ಊದಿದ ಮೇಲೆ ಮುಖ್ಯ ಕಾರ್ಯಕ್ರಮ: ಕುರ್ಚಿ ಕೀಳೋದು, ಪೊಲೀಸರ ಮೇಲೆ ಎಸೆಯೋದು, ಪೊಲೀಸ್ರು ಓಡೋದು, ಮತ್ತೆ ತಿರುಗಿ ಬರೋದು. 81 ಜನಕ್ಕೆ ಗಾಯ, ಅದರಲ್ಲಿ 31 ಪೊಲೀಸ್ರು. ನಮ್ಮ ಕಡೆ ಮದುವೆಮನೇಲಿ ಊಟದ ಪಂಕ್ತಿಗೆ ಕುರ್ಚಿ ಹಿಡ್ಕೊಳ್ಳೋಕೆ ಜಗಳ ಆಗತ್ತೆ, ಇಲ್ಲಿ ಕುರ್ಚಿ ಬಿಡೋಕೆ.

ಮರುದಿನ ಕೋರ್ಟಿಗೆ 31 ಜನನ್ನ ನಿಲ್ಲಿಸಿದ್ರು. ಅದರಲ್ಲಿ ಬೇಕಾದಷ್ಟು ಜನ, ಸ್ವಾಮಿ ನಾವು ಮಿಲ್‌ವಾಲ್ ಅಲ್ಲ, ನಾವು ಚೆಲ್ಸಿ, ನಾವು ವೆಸ್ಟ್ ಹ್ಯಾಮ್ ಅಂದ್ರು! ಅಂದ್ರೆ ಬದ್ಧವೈರಿಗಳೆಲ್ಲ ಸೇರ್ಕೊಂಡು ಪರರ ಊರಿಗೆ ಹೋಗಿ ಕುರ್ಚಿ ಮುರಿದು ಬಂದಿದ್ದಾರೆ. ಬ್ರಿಟನ್ನಿನಲ್ಲಿ ಅಂಥ ಒಗ್ಗಟ್ಟು ಆ ವರ್ಷ ಇನ್ನೆಲ್ಲೂ ಕಾಣಲಿಲ್ಲ.

ಪ್ರಧಾನಿ ಥ್ಯಾಚರ್ ಮೇಡಂ ಕೆಂಡ ಆದ್ರು. ಪುಂಡಾಟದ ವಿರುದ್ಧ ವಾರ್ ಕ್ಯಾಬಿನೆಟ್ ಅಂತೆ! ಮೂರು ವರ್ಷದ ಹಿಂದೆ ಅರ್ಜೆಂಟೀನಾ ಜೊತೆ ಫಾಕ್‌ಲ್ಯಾಂಡ್ಸ್ ಯುದ್ಧ ಗೆದ್ದಿದ್ರಲ್ಲ, ಅದೇ ಬಿಸೀಲಿ. ನಿಮ್ಮ ಪುಂಡರ ವಿಷಯಕ್ಕೆ ಏನ್ಮಾಡ್ತೀರಿ ಅಂತ ಮೇಡಂ ಕೇಳಿದ್ರೆ ಫುಟ್‌ಬಾಲ್ ಅಸೋಸಿಯೇಷನ್ ಸೆಕ್ರೆಟರಿ ಟೆಡ್ ಕ್ರೋಕರ್, ಅವರು ನಮ್ಮ ಪುಂಡರಲ್ಲ ಮೇಡಂ, ನಿಮ್ಮ ಸಮಾಜದ ಪುಂಡರು ಅಂದ್ರಂತೆ. ಮಗು ಫೇಲ್ ಆದಾಗ ನಿನ್ನ ಮಗ ನೋಡು ಅಂತ ಗಂಡ ಹೆಂಡ್ತಿ ಹೇಳ್ಕೊಳ್ಳೋ ಡೈಲಾಗು. ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗೋಕಾಗಲ್ಲ. 1871ರಲ್ಲಿ ಇದೇ ಇಂಗ್ಲಿಷಿನೋರು ನಮ್ಮ ದೇಶದಲ್ಲಿ ಕಾನೂನು ಮಾಡಿ, ಇಂಥಿಂಥ ಬುಡಕಟ್ಟಲ್ಲಿ ಹುಟ್ಟಿದವರೆಲ್ಲ ಹುಟ್ಟಾ ಅಪರಾಧಿಗಳು ಅಂತ ರಿಜಿಸ್ಟರಲ್ಲಿ ಬರೆದಿಟ್ಟಿದ್ರು, ತೊಟ್ಟಿಲಲ್ಲಿರೋ ಕೂಸೂ ಸೇರಿ. ತಮ್ಮ ಮನೆ ಮಕ್ಕಳು ಕುರ್ಚಿ ಕಿತ್ತು ಪೊಲೀಸರ ತಲೆಗೆ ಹಾಕಿದಾಗ ಮಾತ್ರ ಅದು ಸಮಾಜಶಾಸ್ತ್ರ ಆಯ್ತು.

ಪರಿಹಾರಗಳನ್ನ ಕೇಳಿ. ಚೆಲ್ಸಿ ಕ್ಲಬ್ಬಿನ ಯಜಮಾನ ಕೆನ್ ಬೇಟ್ಸ್ ಹೈನುಗಾರಿಕೆನೂ ಮಾಡ್ತಿದ್ದವರು, ದನ ಬೇಲಿ ಹಾರಬಾರದು ಅಂತ ಕರೆಂಟ್ ತಂತಿ ಎಳೀತಾರಲ್ಲ, ಅದನ್ನೇ ಸ್ಟೇಡಿಯಂಗೆ ಎಳೆಸಿಬಿಟ್ರು, 12 ವೋಲ್ಟು. ಲಂಡನ್ ಕೌನ್ಸಿಲ್‌ನವರು ಸ್ವಿಚ್ ಹಾಕೋಕೆ ಪರ್ಮಿಷನ್ ಕೊಡಲಿಲ್ಲ, ಒಂದು ದಿನಾನೂ ಕರೆಂಟ್ ಹರೀಲಿಲ್ಲ, ತಂತಿ ಸುಮ್ನೆ ಇತ್ತು ಇಳೀತು. ನಮ್ಮ ಬೀದಿ ದೀಪದ ಕಥೆ ಥರಾನೇ. ಅದೇ ವರ್ಷ ಬಂದ ಮದ್ಯದ ಕಾನೂನಂತೂ ಇವತ್ತಿಗೂ ಇದೆ: ಸ್ಟೇಡಿಯಂ ಒಳಗೆ ಬಿಯರ್ ಮಾರಬಹುದು, ಕುಡೀಬಹುದು, ಆದ್ರೆ ಆಟ ಕಾಣೋ ಜಾಗದಲ್ಲಿ ಕುಡಿಯೋಹಾಗಿಲ್ಲ. ಹೀಗಾಗಿ ಹಾಫ್‌ಟೈಮಲ್ಲಿ ಜನ ಮೆಟ್ಟಿಲ ಕೆಳಗಿನ ಸಂದೀಲಿ ನಿಂತು ಹದಿನೈದು ನಿಮಿಷದಲ್ಲಿ ಗಟಗಟ ಅಂತ ಏರಿಸ್ಕೊಂಡು ಮೇಲೆ ಬಂದು ಸಭ್ಯರಾಗಿ ಕೂರ್ತಾರೆ. ಚೆಂಡಿನ ಮುಂದೆ ಕುಡಿದ್ರೆ ಚೆಂಡಿಗೆ ಅವಮಾನ, ಹಿರಿಯರ ಮುಂದೆ ಸಿಗರೇಟ್ ಸೇದದ ಹಾಗೆ.

ಲೂಟನ್ ಅಧ್ಯಕ್ಷ ಡೇವಿಡ್ ಇವಾನ್ಸ್ ಇನ್ನು ಹೊರಗಿನ ಫ್ಯಾನೇ ಬೇಡ, ನಮ್ಮೋರಿಗೂ ಮೆಂಬರ್‌ಶಿಪ್ ಕಾರ್ಡು ಅಂದ್ರು. ಅದಕ್ಕೆ ಲೀಗಿನವರು ಏನ್ಮಾಡಿದ್ರು ಗೊತ್ತಾ, ಹೊರಗಿನವರನ್ನ ಬಿಡಲ್ಲ ಅಂದ್ರೆ ನೀವೇ ಬೇಡ ಅಂತ 1986-87ರ ಲೀಗ್ ಕಪ್ಪಿಂದ ಲೂಟನ್ನನ್ನೇ ಓಡಿಸಿದ್ರು. ಕುರ್ಚಿ ಮುರಿಸ್ಕೊಂಡವರೇ ಟೂರ್ನಿಯಿಂದ ಹೊರಗೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅನ್ನೋದು ಇಂಗ್ಲೆಂಡಿನ ಗಾದೆ ಇರಬೇಕು, ನಾವು ಸುಮ್ನೆ ನಮ್ದು ಅನ್ಕೊಂಡಿದ್ದೀವಿ. ಇವಾನ್ಸ್ ಮಾತ್ರ 1987ರಲ್ಲಿ ಥ್ಯಾಚರ್ ಪಾರ್ಟಿಯಿಂದ ಎಂಪಿ ಆದ್ರು, ದೇಶದ ಫುಟ್‌ಬಾಲ್ ಫ್ಯಾನ್‌ಗಳಿಗೆಲ್ಲ ಐಡಿ ಕಾರ್ಡ್ ಅಂತ 1989ರಲ್ಲಿ ಕಾನೂನೇ ಬಂತು, ಮುಂದಿನ ವರ್ಷ ಜಸ್ಟಿಸ್ ಟೇಲರ್ ವರದಿ ಬಂದ್ಮೇಲೆ ಕಾರ್ಡು ಮೂಲೆ ಸೇರ್ತು.

ಆ ವರದಿ ಯಾಕೆ ಬಂತು ಅನ್ನೋದು ತಮಾಷೆ ಅಲ್ಲ. ಪುಂಡರನ್ನ ತಡೀಬೇಕು ಅಂತ ಬಹಳ ಸ್ಟೇಡಿಯಂಗಳಲ್ಲಿ ಹಾಕಿದ್ದ ಕಬ್ಬಿಣದ ಬೇಲಿಗೆ ಸಿಕ್ಕಿ, 1989ರ ಏಪ್ರಿಲ್ 15ರಂದು ಶೆಫೀಲ್ಡಿನ ಹಿಲ್ಸ್‌ಬರೋ ಸ್ಟೇಡಿಯಂನಲ್ಲಿ ಆದ ನೂಕುನುಗ್ಗಲಿಗೆ ಲಿವರ್‌ಪೂಲ್ ಕ್ಲಬ್ಬಿನ ಒಟ್ಟು 97 ಫ್ಯಾನ್‌ಗಳು ಬಲಿಯಾದ್ರು, ಯಾರೂ ಗಲಾಟೆ ಮಾಡಿರಲಿಲ್ಲ. ಪೊಲೀಸ್ರು ಕುಡುಕರದ್ದೇ ತಪ್ಪು ಅಂತ ಸುಳ್ಳು ಹೇಳಿದ್ರು, ನಮ್ಮ ಗ್ರೆನೇಡ್ ಹೆಡ್‌ಲೈನಿನ ಪೇಪರ್ರೇ ಅದನ್ನ ಸತ್ಯ ಅಂತ ಛಾಪಿಸ್ತು. ಅದು ಸುಳ್ಳು ಅಂತ, ಜನರನ್ನ ಅನ್ಯಾಯವಾಗಿ ಸಾಯಿಸಿದ್ದು ಅಂತ ಜ್ಯೂರಿ ಹೇಳೋಕೆ 2016 ಬರಬೇಕಾಯ್ತು. ಫುಟ್‌ಬಾಲ್ ನೋಡೋನು ಅಂದ್ರೆ ದನ ಅಂತ ಒಂದು ಸಲ ತೀರ್ಮಾನ ಆದ್ಮೇಲೆ ಬೇಲಿನೂ ಬರತ್ತೆ, ಬೇಲಿ ಹಿಂದಿಂದ ಕಿರುಚಿದ್ರೆ ಯಾರಿಗೂ ಕೇಳ್ಸೋದೂ ಇಲ್ಲ.

ಅತ್ತ ನಿಜವಾದ ಪುಂಡರು ಅಷ್ಟೊತ್ತಿಗೆ ಡಬಲ್ ಪ್ರಮೋಷನ್ ಪಡೆದಾಗಿತ್ತು. ಪೊಲೀಸ್ರು ಸ್ಕಾರ್ಫು, ಬೂಟು ಹುಡುಕ್ತಿದ್ರೆ ಇವರು ದುಬಾರಿ ಇಟಾಲಿಯನ್ ಜಾಕೆಟ್ ಹಾಕ್ಕೊಂಡು ಅಳಿಯಂದಿರ ಹಾಗೆ ಬರೋಕೆ ಶುರು ಮಾಡಿದ್ರು. ಮಿಲ್‌ವಾಲಿನ ಪರಮವೈರಿ ವೆಸ್ಟ್ ಹ್ಯಾಮಿನ ಗ್ಯಾಂಗು, ಪೊಲೀಸ್ ಕಾವಲಿರೋ ಫುಟ್‌ಬಾಲ್ ಸ್ಪೆಷಲ್ ರೈಲು ಬಿಟ್ಟು ಮಾಮೂಲಿ ಇಂಟರ್‌ಸಿಟಿ ರೈಲಲ್ಲಿ ಹೋಗ್ತಿತ್ತು, ಅದಕ್ಕೇ ಇಂಟರ್ ಸಿಟಿ ಫರ್ಮ್ ಅಂತ ಹೆಸರು. ಹೊಡೆದು ಬೀಳಿಸಿದವನ ಪಕ್ಕದಲ್ಲಿ ವಿಸಿಟಿಂಗ್ ಕಾರ್ಡ್ ಇಟ್ಟು ಹೋಗ್ತಿದ್ರು, ಅಭಿನಂದನೆ, ನೀವೀಗ ಐಸಿಎಫ್‌ನ ಭೇಟಿ ಮಾಡಿದ್ದೀರಿ ಅಂತ. ಇಂಥ ಕಸ್ಟಮರ್ ಸರ್ವೀಸು ನಮ್ಮ ಎಷ್ಟು ಕಚೇರಿಗಳಲ್ಲಿದೆ? ವಯಸ್ಸಾದ್ಮೇಲೆ ಮಂಡಿ ನೋವು ಬಂತು, ಕೂತು ಆತ್ಮಕಥೆ ಬರೆದ್ರು. ಎಲ್ಲಾ ಪುಸ್ತಕದಲ್ಲೂ ಎಲ್ಲರೂ ಗೆದ್ದೇ ಇದ್ದಾರೆ, ಸೋತ ಒಬ್ಬನೂ ಪುಸ್ತಕ ಬರೆದಿಲ್ಲ.

ಮಿಲ್‌ವಾಲ್ 1993ರಲ್ಲಿ ಹೊಸ ಸ್ಟೇಡಿಯಂಗೆ ಹೋಯ್ತು, ಎಲ್ಲರಿಗೂ ಸೀಟು, ಎಲ್ಲಾ ಕಡೆ ಕ್ಯಾಮೆರಾ. 2002ರ ಮೇ 2ರಂದು ಬರ್ಮಿಂಗ್‌ಹ್ಯಾಮ್ ಕೊನೇ ನಿಮಿಷದಲ್ಲಿ ಗೋಲ್ ಹೊಡೆದು ಗೆಲ್ತು, ಹೊರಗಡೆ 47 ಪೊಲೀಸ್ರು, 24 ಕುದುರೆಗಳಿಗೆ ಗಾಯ. ಕುದುರೆ ಯಾವ ಟೀಮಿನ ಫ್ಯಾನು ಸ್ವಾಮಿ? 2013ರಲ್ಲಿ ವೆಂಬ್ಲಿಯಲ್ಲಿ ಎಫ್ಎ ಕಪ್ ಸೆಮಿಫೈನಲ್, ಎದುರಾಳಿ ವಿಗನ್, ಅವರ ಫ್ಯಾನ್ಸ್ ಕೈಗೆಟುಕದಷ್ಟು ದೂರ ಕೂತಿದ್ರು, ಹಾಗಂತ ಬಂದ ಕೆಲಸ ಬಿಡೋಕಾಗತ್ತಾ, ಮಿಲ್‌ವಾಲಿನವರು ತಮ್ತಮ್ಮಲ್ಲೇ ಹೊಡೆದಾಡಿದ್ರು, ದೇಶ ಲೈವ್ ನೋಡ್ತು. ಆಮೇಲೆ 2017ರಲ್ಲಿ ಲಂಡನ್ ಬ್ರಿಡ್ಜ್ ಹತ್ರ ಮೂವರು ಉಗ್ರರು ಚಾಕು ಹಿಡಿದು ಹೋಟೆಲಿಗೆ ನುಗ್ಗಿದಾಗ, ಒಬ್ಬನೇ ಒಬ್ಬ ಬರಿಗೈಲಿ ಎದುರಿಗೆ ನಿಂತ, ಒಂದು ಬೈಗುಳ ಸೇರಿಸಿ ನಾನು ಮಿಲ್‌ವಾಲ್ ಕಣೋ ಅಂತ ಕೂಗ್ದ, ಎಂಟು ಇರಿತ ತಿಂದು ಬದುಕ್ದ. ಆಸ್ಪತ್ರೆಗೆ ಬಂದ ಫ್ರೆಂಡ್ಸು ಹಣ್ಣು ತರಲಿಲ್ಲ, ಓಡೋದು ಕಲಿಯೋದು ಹೇಗೆ ಅನ್ನೋ ಮ್ಯಾಗಜೀನ್ ತಂದುಕೊಟ್ರು. ನಿಜ ಹೇಳ್ತೀನಿ, ಇಷ್ಟೊತ್ತು ಬೈದ ಮೇಲೂ ಈ ಒಂದು ಜಾಗದಲ್ಲಿ ನನಗೆ ಆ ಕ್ಲಬ್ಬಿನ ಮೇಲೆ ಪ್ರೀತಿ ಬಂದುಬಿಡತ್ತೆ.

ಅವರದ್ದೊಂದು ಹಾಡಿದೆ, ರಾಡ್ ಸ್ಟೀವರ್ಟ್ ಹಾಡಿದ ಹಾಯಿದೋಣಿ ಹಾಡಿನ ಧಾಟಿ: ನಮ್ಮನ್ನ ಕಂಡ್ರೆ ಯಾರಿಗೂ ಆಗಲ್ಲ, ನಮಗದರ ಚಿಂತೆ ಇಲ್ಲ. ಮೂರೂ ಬಿಟ್ಟವರು ಊರಿಗೆ ದೊಡ್ಡವರು ಅನ್ನೋದನ್ನ ರಾಗ ಹಾಕಿ ಹಾಡಿದ್ರೆ ಹೀಗೇ ಇರತ್ತೆ. ಮ್ಯಾಚ್ ನೋಡೋಕೆ ಮಾತ್ರ ಬರೋ ಸಾವಿರಾರು ಸಾಧುಗಳೂ, ಅಜ್ಜಂದಿರೂ ಮೊಮ್ಮಕ್ಕಳೂ, ಅದನ್ನೇ ಕೊರಳೆತ್ತಿ ಹಾಡ್ತಾರೆ. ಕಪ್ ಗೆದ್ದು ಬರದ ಮನೇಲಿ ಕೆಟ್ಟ ಹೆಸರೇ ಪಿತ್ರಾರ್ಜಿತ.

ಅಂದಹಾಗೆ ಆ ಗೋಲ್‌ಕೀಪರ್ ಬ್ರೋಡಿ. ಗ್ರೆನೇಡ್ ಎತ್ತಿದ ಕೈಗೆ ಏನೂ ಆಗಲಿಲ್ಲ, ಆರಾಮಾಗಿ ಇನ್ನೈದು ವರ್ಷ ಆಡ್ದ. 1970ರಲ್ಲಿ ಕೋಲ್ಚೆಸ್ಟರ್ ವಿರುದ್ಧದ ಮ್ಯಾಚಲ್ಲಿ ಎಲ್ಲಿಂದಲೋ ಒಂದು ಸಣ್ಣ ನಾಯಿ ಗ್ರೌಂಡಿಗೆ ನುಗ್ಗಿ, ಚೆಂಡು ಅಟ್ಟಿಸ್ಕೊಂಡು ಬಂದು, ಅವನ ಮಂಡಿಗೆ ಧಡ್ ಅಂತ ಗುದ್ದಿತು, ಅಲ್ಲಿಗೆ ಅವನ ಲೀಗ್ ಫುಟ್‌ಬಾಲ್ ಮುಗೀತು. ಆ ನಾಯಿಗೋಸ್ಕರ ವಾರ್ ಕ್ಯಾಬಿನೆಟ್ ಕೂರಲಿಲ್ಲ, ಯಾರೂ ಐಡಿ ಕಾರ್ಡ್ ಕೇಳಲಿಲ್ಲ, ಅದೂ ಆತ್ಮಕಥೆ ಬರೀಲಿಲ್ಲ.