ಲೆಕ್ಸಿಂಗ್ಟನ್ ಅವೆನ್ಯೂವಿನ ಆ ಮೂಲೆಯ ಕುರಿತು ಸ್ಪಷ್ಟನೆ

‘ದಿ ಸೆವೆನ್ ಇಯರ್ ಇಚ್’ ಚಿತ್ರದಲ್ಲಿ ಮರ್ಲಿನ್ ಮನ್ರೊ ಅವರ ಬಿಳಿ ಉಡುಪು ಗಾಳಿಗೆ ಹಾರುವ ದೃಶ್ಯವು, ತೆರೆಯ ಮೇಲೆ ಕಾಣುವಂತೆಯೇ ನ್ಯೂಯಾರ್ಕ್‌ನ ಲೆಕ್ಸಿಂಗ್ಟನ್ ಅವೆನ್ಯೂ ಮತ್ತು 52ನೇ ರಸ್ತೆ ಕೂಡುವಲ್ಲಿ ಚಿತ್ರೀಕರಣಗೊಂಡಿತೆಂದೂ, ಅಡಿಯಲ್ಲಿ ಹಾದುಹೋದ ಸುರಂಗ ರೈಲಿನ ಗಾಳಿಗೇ ಉಡುಪು ಹಾರಿತೆಂದೂ ಹೇಳುವ ಬರಹವೊಂದು ಹರಿದಾಡುತ್ತಿದೆ. ಇದರಲ್ಲಿ ನಿಜವಿರುವುದು ಭಾಗಶಃ ಮಾತ್ರ.

ನಿರ್ದೇಶಕ ಬಿಲ್ಲಿ ವೈಲ್ಡರ್ ಅವರ ತಂಡ 1954ರ ಸೆಪ್ಟೆಂಬರ್ 15ರ ನಸುಕಿಗೂ ಮುಂಚೆ, ಅಲ್ಲಿದ್ದ ಟ್ರಾನ್ಸ್-ಲಕ್ಸ್ ಚಿತ್ರಮಂದಿರದ ಎದುರು ಚಿತ್ರೀಕರಣ ನಡೆಸಿದ್ದು ಸತ್ಯ. ಆದರೆ ಪಾದಚಾರಿ ಮಾರ್ಗದ ಕಬ್ಬಿಣದ ಜಾಲರಿಯ ಕೆಳಗಿನಿಂದ ಗಾಳಿ ಬೀಸಿದ್ದು ತಂಡದವರೇ ಇಟ್ಟಿದ್ದ ಫ್ಯಾನು. ಮೊದಲೇ ಸುದ್ದಿ ತಿಳಿದು ಸೇರಿದ್ದ ಪತ್ರಿಕಾ ಛಾಯಾಗ್ರಾಹಕರು ಮತ್ತು ಭಾರೀ ಜನಸಂದಣಿಯ ಗದ್ದಲದಿಂದಾಗಿ ಆ ರಾತ್ರಿಯ ಚಿತ್ರೀಕರಣ ಬಹುಪಾಲು ಉಪಯೋಗಕ್ಕೆ ಬರದೆ, ಕ್ಯಾಲಿಫೋರ್ನಿಯಾದ ಸ್ಟುಡಿಯೊದಲ್ಲಿ ಬೀದಿಯ ಸೆಟ್ ಹಾಕಿ ದೃಶ್ಯವನ್ನು ಮತ್ತೆ ತೆಗೆಯಬೇಕಾಯಿತು. 1955ರಲ್ಲಿ ಬಿಡುಗಡೆಯಾದ ಚಿತ್ರದ ಆ ದೃಶ್ಯಕ್ಕೆ ಮುಖ್ಯ ಆಧಾರ ಈ ಮರುಚಿತ್ರೀಕರಣವೇ.

ಇನ್ನೊಂದು ಗೊಂದಲವೂ ಇದೆ, ನನ್ನ ಅಭಿಪ್ರಾಯದಲ್ಲಿ ಎಲ್ಲಕ್ಕೂ ಮೂಲ ಅದೇ. ಭಿತ್ತಿಚಿತ್ರಗಳಲ್ಲಿ ಕಾಣುವ, ನಗುತ್ತ ಉಡುಪನ್ನು ಅದುಮಿ ಹಿಡಿದಿರುವ ಪೂರ್ಣಾಕೃತಿಯ ನಿಲುವು ಚಿತ್ರದಲ್ಲಿ ಇಲ್ಲವೇ ಇಲ್ಲ. ಅದು ಆ ರಾತ್ರಿ ಛಾಯಾಗ್ರಾಹಕರು ತೆಗೆದ ಸ್ಥಿರಚಿತ್ರ. ಹಾಗಾಗಿ ಆ ಮೂಲೆಗೆ ಹೋಗುವುದು ಖಂಡಿತ ವ್ಯರ್ಥವಲ್ಲ, ಏಕೆಂದರೆ ಜಗತ್ತು ನೆನಪಿಟ್ಟುಕೊಂಡಿರುವ ಆ ಛಾಯಾಚಿತ್ರಗಳು ಹುಟ್ಟಿದ್ದು ಅಲ್ಲಿಯೇ. ಚಿತ್ರಮಂದಿರ ಈಗ ಉಳಿದಿಲ್ಲವಾದ್ದರಿಂದ, ಹೋಗುವವರು ಅದರ ಕಟ್ಟಡವನ್ನು ಹುಡುಕದೆ ಪಾದಚಾರಿ ಮಾರ್ಗದ ಜಾಲರಿಗಳನ್ನು ಗಮನಿಸಬೇಕು.