ಚಿತ್ರ ಬರೆಯಲು ಕಲಿಯುವಾಗ ಮೊದಲ ಸೆಮಿಸ್ಟರ್ ರಬ್ಬರ್ ದೂರ ಇಡಬೇಕಾ?

ಬಿ.ವಿ.ಎ. (ದೃಶ್ಯಕಲೆಯ ಪದವಿ), ಆರ್ಕಿಟೆಕ್ಚರ್, ಡಿಸೈನ್, ಅನಿಮೇಶನ್ ಅಂತ ಸೇರಿಕೊಂಡ ಮಕ್ಕಳಲ್ಲಿ ತುಂಬಾ ಜನ ಕಾಲೇಜಿಗೆ ಬಂದ ಮೇಲೇ ಸರಿಯಾಗಿ ಚಿತ್ರ ಬರೆಯಲು ಕೂರುತ್ತಾರೆ. ಲೋಯರ್, ಹೈಯರ್ ಡ್ರಾಯಿಂಗ್ ಪರೀಕ್ಷೆ ಕಟ್ಟಿದವರೂ ಇರುತ್ತಾರೆ. ಪಿಯುಸಿ ರೆಕಾರ್ಡ್ ಪುಸ್ತಕ ಬಿಟ್ಟರೆ ಬೇರೇನೂ ಬರೆಯದವರೂ ಇರುತ್ತಾರೆ. ಇವರಿಗೆ ಮೊದಲ ಸೆಮಿಸ್ಟರ್ ಪೂರ್ತಿ ರಬ್ಬರ್ ಮುಟ್ಟಬೇಡಿ ಅಂತ ಹೇಳುವ ಮೇಷ್ಟ್ರುಗಳಿದ್ದಾರೆ. ಅದು ಸರಿಯಾ? ಪಾಠ ಮಾಡುವ ಇಬ್ಬರು ಇಲ್ಲಿ ಬರೆದಿದ್ದಾರೆ.

ಪರ: ತಪ್ಪು ಗೆರೆ ಹಾಳೆಯ ಮೇಲೆ ಇರಲಿ

ಮೊದಲ ದಿನ ನಾನು ಮೇಜಿನ ಮೇಲೆ ಒಂದು ಹಿತ್ತಾಳೆ ಚೊಂಬು ಇಡುತ್ತೇನೆ. ಅಷ್ಟೇ, ಬೇರೇನಿಲ್ಲ. ಅದನ್ನು ನೋಡಿ ಬರೆಯಿರಿ ಅಂತೀನಿ. ಹುಡುಗ ಬಾಯಿಯ ಎಡಗಡೆ ಒಂದು ಗೆರೆ ಎಳೆಯುತ್ತಾನೆ, ಸರಿ ಬರಲಿಲ್ಲ ಅಂತ ಉಜ್ಜುತ್ತಾನೆ, ಪುಡಿ ಊದುತ್ತಾನೆ, ಮತ್ತೆ ಅದೇ ಜಾಗದಲ್ಲಿ ಅದೇ ತಪ್ಪು ಗೆರೆ ಎಳೆಯುತ್ತಾನೆ. 20 ನಿಮಿಷ ಆದ ಮೇಲೂ ಹಾಳೆಯ ಮೇಲೆ ಇರುವುದು ಒಂದು ಕೊಳೆ ಮತ್ತು ಅರ್ಧ ಚೊಂಬು.

ಯಾಕೆ ಹೀಗಾಗುತ್ತದೆ? ಅಳಿಸಿದ ಗೆರೆಯ ಜೊತೆ ಅಳತೆಯೂ ಹೋಗಿಬಿಡುತ್ತದೆ. ಮೊದಲ ಗೆರೆ ಅಲ್ಲೇ ಇದ್ದರೆ ಕಣ್ಣಿಗೆ ಒಂದು ಆಧಾರ ಸಿಗುತ್ತದೆ. ಇದಕ್ಕಿಂತ ಸ್ವಲ್ಪ ಹೊರಗೆ, ಇದಕ್ಕಿಂತ ಸ್ವಲ್ಪ ಮೇಲೆ ಅಂತ ಎರಡನೇ ಗೆರೆ ಎಳೆಯಬಹುದು. ಎರಡೂ ತಪ್ಪಾದರೆ ಮೂರನೆಯದು ಅವುಗಳ ಮಧ್ಯೆ ಬಂದು ಕೂರುತ್ತದೆ.

ಚೊಂಬನ್ನೇ ತಗೊಳ್ಳಿ. ಹೊಸಬರು ಬಾಯಿಯನ್ನು ಬಾದಾಮಿಯ ಹಾಗೆ ಎರಡೂ ತುದಿ ಚೂಪಾಗಿ ಬರೆಯುತ್ತಾರೆ. ತಳವನ್ನು ಸ್ಕೇಲ್ ಇಟ್ಟ ಹಾಗೆ ನೇರ ಎಳೆಯುತ್ತಾರೆ, ಯಾಕೆಂದರೆ ಮೇಜು ಸಪಾಟಾಗಿದೆ ಅಂತ ಅವರಿಗೆ ಗೊತ್ತು. ಬಾಯಿ ದುಂಡಗಿದ್ದರೆ ತಳವೂ ದುಂಡಗೇ ಇರಬೇಕು. ಅಷ್ಟೇ ಅಲ್ಲ, ಮೇಲಿನಿಂದ ನೋಡುವಾಗ ತಳ ನಮ್ಮ ಕಣ್ಣಿನ ಮಟ್ಟದಿಂದ ಇನ್ನೂ ಕೆಳಗಿರುವುದರಿಂದ ಅದರ ಬಾಗು ಬಾಯಿಯ ಬಾಗಿಗಿಂತ ಜಾಸ್ತಿ ಇರುತ್ತದೆ. ಇದನ್ನು ಬೋರ್ಡಿನ ಮೇಲೆ ಹತ್ತು ಸಲ ಹೇಳಿದರೂ ತಲೆಗೆ ಹೋಗುವುದಿಲ್ಲ. ತಾವೇ ಎಳೆದ ನೇರ ಗೆರೆ, ಅದರ ಕೆಳಗೆ ತಾವೇ ಎಳೆದ ಬಾಗಿದ ಗೆರೆ, ಎರಡೂ ಒಂದೇ ಹಾಳೆಯಲ್ಲಿ ಕಂಡಾಗ ಥಟ್ಟನೆ ಹೊಳೆಯುತ್ತದೆ. ಆ ಕ್ಷಣ ಅವರ ಮುಖ ನೋಡಬೇಕು ನೀವು.

ಇನ್ನೊಂದು ಕಾರಣ ಭಯ. ಹನ್ನೆರಡು ವರ್ಷ ಈ ಮಕ್ಕಳು ನೀಟಾಗಿ ಬರೆಯುವುದಕ್ಕೇ ಮಾರ್ಕ್ಸ್ ಪಡೆದಿದ್ದಾರೆ. ಬಯಾಲಜಿ ರೆಕಾರ್ಡಿನಲ್ಲಿ ಒಂದು ಗೆರೆ ಎರಡಾದರೂ ವಾಪಸ್ ಬರುತ್ತಿತ್ತು. ಆ ಅಭ್ಯಾಸ ಕೈಯಲ್ಲಿ ಗಂಟು ಕಟ್ಟಿಕೊಂಡಿದೆ, ಅದನ್ನು ಬಿಡಿಸಬೇಕಲ್ವಾ? ಅದಕ್ಕೇ ನಾನು ಮೊದಲ ತಿಂಗಳು ಅಗ್ಗದ ನ್ಯೂಸ್‌ಪ್ರಿಂಟ್ ಹಾಳೆ, ಒಂದು ಬಾಲ್ ಪೆನ್ ಕೊಡುತ್ತೇನೆ. ಎದುರಿಗೆ ನಿಂತ ಗೆಳೆಯನನ್ನು ಎರಡು ನಿಮಿಷದಲ್ಲಿ ಬರೆಯಬೇಕು. ಆಮೇಲೆ ಐದು ನಿಮಿಷ ಹಾಳೆ ನೋಡದೆ ತಮ್ಮ ಎಡಗೈಯನ್ನೇ ನೋಡುತ್ತಾ, ಬೆರಳಿನ ಅಂಚಿನಲ್ಲಿ ಇರುವೆ ಹರಿಯುವಷ್ಟು ನಿಧಾನವಾಗಿ ಗೆರೆ ಎಳೆಯಬೇಕು. ಚಿತ್ರ ಕೈಯ ಹಾಗೆ ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಆದರೆ ಉಗುರಿನ ಪಕ್ಕದ ಚಿಕ್ಕ ಮಡಿಕೆಯನ್ನು ಅವರು ಜೀವನದಲ್ಲಿ ಮೊದಲ ಸಲ ನೋಡಿರುತ್ತಾರೆ.

ಜರ್ಮನಿಯ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್ 1484ರಲ್ಲಿ, 13ನೇ ವಯಸ್ಸಿನಲ್ಲಿ, ಕನ್ನಡಿ ನೋಡಿಕೊಂಡು ತನ್ನದೇ ಚಿತ್ರ ಬರೆದ. ಬರೆದದ್ದು ಬೆಳ್ಳಿ ಕಡ್ಡಿಯಲ್ಲಿ. ಲೇಪ ಹಚ್ಚಿದ ಕಾಗದದ ಮೇಲೆ ಬೆಳ್ಳಿ ಗೀಚಿದರೆ ಗೆರೆ ಕೂರುತ್ತದೆ, ಆಮೇಲೆ ಅಳಿಸಲು ಆಗುವುದಿಲ್ಲ. ಆ ಚಿತ್ರ ಈಗಲೂ ವಿಯೆನ್ನಾದ ಆಲ್ಬರ್ಟೀನಾ ಮ್ಯೂಸಿಯಂನಲ್ಲಿದೆ. ಲಿಯೊನಾರ್ಡೊ ಡಾ ವಿಂಚಿ ಬರೆದ ತಾಯಿ, ಮಗು ಮತ್ತು ಬೆಕ್ಕಿನ ಕರಡು ಚಿತ್ರಗಳನ್ನೂ ಮಕ್ಕಳಿಗೆ ತೋರಿಸುತ್ತೇನೆ. ಒಂದರ ಮೇಲೊಂದು ಗೆರೆ, ತಲೆ ಒಮ್ಮೆ ಈ ಕಡೆ, ಒಮ್ಮೆ ಆ ಕಡೆ. ಅಷ್ಟು ದೊಡ್ಡ ಕಲಾವಿದನೂ ಹುಡುಕುತ್ತಿದ್ದ, ಹುಡುಕಿದ್ದನ್ನು ಮುಚ್ಚಿಡಲಿಲ್ಲ.

ಜೀವನಪೂರ್ತಿ ರಬ್ಬರ್ ಬೇಡ ಅಂತ ನಾನು ಹೇಳುತ್ತಿಲ್ಲ. ಒಂದು ಸೆಮಿಸ್ಟರ್. ಕಣ್ಣು ಒಂದು ಹದಕ್ಕೆ ಬರುವ ತನಕ ಅದು ಬ್ಯಾಗಿನಲ್ಲಿರಲಿ.

ವಿರೋಧ: ರಬ್ಬರ್ ಕೂಡ ಪೆನ್ಸಿಲ್ಲಿನ ಹಾಗೆ ಒಂದು ಸಾಮಾನು

ನಾನು ಇಂಥದ್ದೇ ಕ್ಲಾಸಿನಲ್ಲಿ ಕಲಿತವಳು. ಮೊದಲ ದಿನವೇ ಎಲ್ಲರ ರಬ್ಬರ್ ಒಂದು ಡಬ್ಬಿಯಲ್ಲಿ ಹಾಕಿಸಿಕೊಂಡರು. ಮೇಲೆ ಬರೆದ ಮೇಷ್ಟ್ರು ಹೇಳುವ ಧೈರ್ಯ ನನಗೆ ಬರಲಿಲ್ಲ. ನನ್ನ ಚಿತ್ರ ಚಿಕ್ಕದಾಗುತ್ತಾ ಹೋಯಿತು. ಅಷ್ಟು ದೊಡ್ಡ ಶೀಟಿನ ಒಂದು ಮೂಲೆಯಲ್ಲಿ, ಹತ್ತಿರ ಬಂದು ನೋಡಿದರೂ ಕಾಣದಷ್ಟು ತೆಳುವಾದ ಗೆರೆ. ಪಕ್ಕದ ಗೆಳತಿ ತನಗೆ ಮೊದಲೇ ಬರುತ್ತಿದ್ದುದನ್ನು ಮಾತ್ರ ಬರೆಯಲು ಶುರು ಮಾಡಿದಳು. ಯಾಕೆಂದರೆ ಅದು ತಪ್ಪುವುದಿಲ್ಲ. ಅಳಿಸಲು ಆಗುವುದಿಲ್ಲ ಅನ್ನುವುದು ಕೆಲವರಿಗೆ ಬಿಡುಗಡೆ ಇರಬಹುದು, ನಮಗೆ ಅದು ಪರೀಕ್ಷೆ ಹಾಲಿನ ಹಾಗಿತ್ತು.

ಡ್ಯೂರರ್ ಬೆಳ್ಳಿ ಕಡ್ಡಿಯಲ್ಲಿ ಬರೆದ, ನಿಜ. ಅವನು ಅಕ್ಕಸಾಲಿಗನ ಮಗ, ಗೆರೆ ಕೊರೆಯುವ ಕೆಲಸವನ್ನು ಮನೆಯಲ್ಲೇ ನೋಡಿ ಬೆಳೆದವನು. ನನ್ನ ಕ್ಲಾಸಿಗೆ ಬರುವ ಮಗು ಹದಿನೆಂಟಕ್ಕೆ ಮೊದಲ ಸಲ 4ಬಿ ಅನ್ನುವ ಮೆತ್ತನೆಯ, ಕಡುಕಪ್ಪು ಪೆನ್ಸಿಲ್ ಹಿಡಿಯುತ್ತಿದೆ. ಅಷ್ಟು ದೂರ ಯಾಕೆ ಹೋಗಬೇಕು? ನಮ್ಮ ಮೈಸೂರು ಸಂಪ್ರದಾಯದ ಚಿತ್ರಗಳನ್ನೇ ನೋಡಿ. ಅವುಗಳ ಕಲಾವಿದರು ಹುಣಸೆ ಕಡ್ಡಿ ಸುಟ್ಟು ಮಾಡಿದ ಇದ್ದಿಲಿನಿಂದ ಕರಡು ಹಾಕುತ್ತಿದ್ದರು. ಇದ್ದಿಲು ಬಟ್ಟೆಯಿಂದ ಝಾಡಿಸಿದರೆ ಹೋಗುತ್ತದೆ. ಕೂದಲೆಳೆಯಷ್ಟು ಸಣ್ಣ ಗೆರೆಯನ್ನು ಕುಂಚದಲ್ಲಿ ಎಳೆಯಬಲ್ಲ ಕೈಗಳು ಕೂಡ ಮೊದಲು ಒರೆಸಬಹುದಾದ ಗೆರೆಯನ್ನೇ ಎಳೆದವು. ನನ್ನ ಅಜ್ಜಿ ರಂಗೋಲಿ ತಪ್ಪಿದರೆ ಅಂಗೈಯಿಂದ ಸವರಿ ಮತ್ತೆ ಹಾಕುತ್ತಿದ್ದರು. ಯುರೋಪಿನಲ್ಲಿ ರಬ್ಬರ್ ಬರುವ ಮೊದಲು ಬ್ರೆಡ್ ತುಣುಕಿನಿಂದ ಅಳಿಸುತ್ತಿದ್ದರು. ಪೆನ್ಸಿಲ್ ಗೆರೆ ಅಳಿಸಲು ಒಂದು ಒಳ್ಳೆಯ ಹೊಸ ವಸ್ತು ಸಿಕ್ಕಿದೆ ಅಂತ ಇಂಗ್ಲೆಂಡಿನ ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿ ಬರೆದದ್ದು 1770ರಲ್ಲಿ.

ಅದೇ ಹಿತ್ತಾಳೆ ಚೊಂಬನ್ನು ನಾನು ಬೇರೆ ಥರ ಕಲಿಸುತ್ತೇನೆ. ಶೀಟಿಗೆ ಪೂರ್ತಿ ಇದ್ದಿಲು ಬಳಿದು ಬಟ್ಟೆಯಿಂದ ಒರೆಸಿ. ಹಾಳೆ ಬೂದು ಬಣ್ಣಕ್ಕೆ ತಿರುಗುತ್ತದೆ. ಈಗ ಚಪಾತಿ ಹಿಟ್ಟಿನ ಹಾಗೆ ನಾದಲು ಬರುವ ರಬ್ಬರ್ ತಗೊಂಡು ಬೆಳಕು ಬಿದ್ದ ಜಾಗವನ್ನು ಮಾತ್ರ ಎತ್ತಿ. ಹೊಟ್ಟೆಯ ಮೇಲಿನ ಹೊಳಪು, ಕಂಠದ ಅಂಚು, ಕೆಳಗೆ ಮೇಜಿನಿಂದ ಚಿಮ್ಮಿ ಬಂದ ಮಂಕು ಬೆಳಕು. ಆಮೇಲೆ ಕಪ್ಪು ಇರುವಲ್ಲಿ ಮತ್ತೆ ಇದ್ದಿಲು ಹಚ್ಚಿ. ಗೆರೆಯೇ ಇಲ್ಲದೆ ಚೊಂಬು ಹಾಳೆಯಿಂದ ಎದ್ದು ಬರುತ್ತದೆ. ನೆರಳು ಬೆಳಕು ಕಲಿಸಲು ಇದಕ್ಕಿಂತ ಸಲೀಸಾದ ದಾರಿ ನನಗೆ ಸಿಕ್ಕಿಲ್ಲ. ರಬ್ಬರ್ ಬೇಡ ಅಂದರೆ ಈ ಪಾಠವೇ ಇಲ್ಲ.

ಅದೇ ತಪ್ಪು ಮತ್ತೆ ಮತ್ತೆ ಬರುತ್ತದೆ ಅಂತ ಮೇಷ್ಟ್ರು ಹೇಳಿದ್ದು ಸರಿಯೇ. ಆದರೆ ಅದಕ್ಕೆ ಕಾರಣ ರಬ್ಬರ್ ಅಲ್ಲ. ಎಚ್‌ಬಿ ಪೆನ್ಸಿಲ್ಲನ್ನು ಅಕ್ಷರ ಬರೆಯುವ ಹಾಗೆ ತುದಿಯಲ್ಲಿ ಹಿಡಿದು ಒತ್ತುತ್ತಾರೆ. ಕಾಗದದಲ್ಲಿ ತೋಡು ಬೀಳುತ್ತದೆ, ಅಳಿಸಿದ ಮೇಲೂ ಪೆನ್ಸಿಲ್ ಆ ತೋಡಿಗೇ ಜಾರುತ್ತದೆ. ಹಿಂದಕ್ಕೆ ಹಿಡಿಯುವುದನ್ನು, ಮಣಿಕಟ್ಟು ಬಿಟ್ಟು ಭುಜದಿಂದ ಕೈ ಆಡಿಸುವುದನ್ನು ಮೊದಲು ಕಲಿಸಿ. ಆರು ಅಡಿ ಹಿಂದೆ ಸರಿದು ನೋಡಲು ಹೇಳಿ. ನನ್ನ ಕ್ಲಾಸಿನಲ್ಲಿ ಇರುವ ನಿಯಮ ಒಂದೇ: ಮೊದಲು ಸರಿ ಅನಿಸಿದ ಗೆರೆ ಎಳೆಯಿರಿ, ಆಮೇಲೆ ತಪ್ಪಿದ್ದನ್ನು ಅಳಿಸಿ. ಹೀಗೆ ಮಾಡಿದರೆ ಮೇಷ್ಟ್ರಿಗೆ ಬೇಕಾದ ಆಧಾರವೂ ಇರುತ್ತದೆ, ಹಾಳೆಯೂ ಉಳಿಯುತ್ತದೆ. ಹಾಳೆ ಉಳಿಯುವುದು ಸಣ್ಣ ಮಾತಲ್ಲ. ಹಾಸ್ಟೆಲ್ ಖರ್ಚಿನಲ್ಲಿ ಉಳಿಸಿ ಕಾರ್ಟ್ರಿಜ್ ಶೀಟ್ (ಚಿತ್ರ ಬರೆಯುವ ದಪ್ಪ ಹಾಳೆ) ಕೊಳ್ಳುವ ಮಕ್ಕಳಿಗೆ ಇನ್ನೊಂದು ಶೀಟ್ ತಗೊ ಅಂತ ಸುಮ್ನೆ ಹೇಳಿಬಿಡಲು ನನಗೆ ಮನಸ್ಸು ಬರುವುದಿಲ್ಲ.

ಮುಖ ಬರೆಯುವಾಗಲಂತೂ ಇದು ಇನ್ನೂ ಮುಖ್ಯ. ಕಣ್ಣು ಇರುವುದು ತಲೆಯ ಎತ್ತರದ ಸರಿಸುಮಾರು ಅರ್ಧದಲ್ಲಿ. ಹೊಸಬರು ಅದನ್ನು ಹಣೆಯ ಹತ್ತಿರ ಇಡುತ್ತಾರೆ. ಅದು ಗೊತ್ತಾದ ಮೇಲೂ ಅಳಿಸದೆ ಬಿಟ್ಟರೆ ರೆಪ್ಪೆ, ಹುಬ್ಬು, ನೆರಳು ಎಲ್ಲವೂ ಆ ತಪ್ಪಿನ ಮೇಲೆಯೇ ಏರುತ್ತಾ ಹೋಗುತ್ತವೆ.

ಮೇಷ್ಟ್ರೇ, ನಿಮ್ಮ ಕಾಳಜಿ ನನಗೆ ಅರ್ಥವಾಗುತ್ತದೆ. ಒಂದು ಕೆಲಸ ಮಾಡಿ. ನಾಳೆ ಕ್ಲಾಸಿನಲ್ಲಿ ಹಿಂದಿನ ಸಾಲಿಗೆ ಹೋಗಿ ಶೀಟುಗಳನ್ನು ನೋಡಿ. ಯಾರದಾದರೂ ಚಿತ್ರ ಅಂಗೈಗಿಂತ ಚಿಕ್ಕದಾಗಿ ಒಂದು ಮೂಲೆಯಲ್ಲಿ ಕೂತಿದ್ದರೆ, ಆ ಮಗುವಿಗೆ ಅದರ ರಬ್ಬರ್ ವಾಪಸ್ ಕೊಡಿ.