ನಮ್ಮ ಮಾಮನ ಸೂರ್ಯನನ್ನು ನೋಡಲು ತಪ್ಪದೆ ಬನ್ನಿ

ನಮ್ಮ ಕಡೆ ಲಗ್ನಪತ್ರಿಕೆಯ ತುದಿಯಲ್ಲಿ ಒಂದು ಸಾಲಿರುತ್ತದೆ: ‘ನಮ್ಮ ಮಾಮನ ಮದುವೆಗೆ ತಪ್ಪದೆ ಬನ್ನಿ’. ಅದರ ಕೆಳಗೆ ಚಿಂಟು, ಪಿಂಕಿ ಅಂತ ಹೆಸರುಗಳು. ಚಿಂಟುವಿಗೆ ಒಂದೂವರೆ ವರ್ಷ. ಅವನು ಯಾರನ್ನೂ ಕರೆದಿಲ್ಲ, ಹುಡುಗಿಯನ್ನು ನೋಡಿಲ್ಲ, ಛತ್ರಕ್ಕೆ ಮುಂಗಡ ಕೊಟ್ಟಿಲ್ಲ. ಆದರೂ ಹೆಸರಿದ್ದರೆ ಮನೆ ತುಂಬಿದ ಹಾಗೆ ಕಾಣುತ್ತದೆ. ಈ ಪದ್ಧತಿಯನ್ನು ಅಣುವಿಜ್ಞಾನಕ್ಕೆ ಒಯ್ದ ಕೀರ್ತಿ ಮಾತ್ರ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಒಂದು ಪ್ರಯೋಗಾಲಯಕ್ಕೆ ಸಲ್ಲಬೇಕು.

ಕಥೆ ಶುರುವಾಗುವುದು ಗುಳ್ಳೆಯಿಂದ. ದ್ರವಕ್ಕೆ ಜೋರಾದ ಶಬ್ದದ ಅಲೆ ಹಾಯಿಸಿದರೆ ಒಳಗಿನ ಪುಟ್ಟ ಗುಳ್ಳೆ ಒಮ್ಮೆ ಉಬ್ಬಿ, ಮರುಕ್ಷಣ ಕುಸಿಯುತ್ತದೆ. ಕುಸಿಯುವಾಗ ಎಷ್ಟು ಬಿಸಿಯಾಗುತ್ತದೆಂದರೆ ಮಿಣ್ಣನೆ ಬೆಳಕು ಬಿಡುತ್ತದೆ. ಇದರಲ್ಲಿ ಬುರುಡೆ ಏನೂ ಇಲ್ಲ. 1934ರಲ್ಲೇ ಜರ್ಮನಿಯ ಕಲೋನ್‌ನಲ್ಲಿ ಕಂಡದ್ದು. ಸಮುದ್ರದಲ್ಲಿ ಒಂದು ಜಾತಿಯ ಸೀಗಡಿ ಕೊಂಡಿಯನ್ನು ಚಟ್ಟನೆ ಮುಚ್ಚಿ ಇಂಥದೇ ಗುಳ್ಳೆ ಎಬ್ಬಿಸುತ್ತದೆ, ಅದು ಕುಸಿಯುವಾಗ ಬೆಳಕೂ ಮಿಂಚುತ್ತದೆ, ಆ ಹೊಡೆತಕ್ಕೆ ಎದುರಿನ ಮೀನು ಮೂರ್ಛೆ ಹೋಗುತ್ತದೆ, ಸೀಗಡಿ ಊಟ ಮುಗಿಸುತ್ತದೆ. ಪ್ರಬಂಧ ಬರೆಯುವ ಗೋಜಿಗೆ ಹೋಗುವುದಿಲ್ಲ.

ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯದ ರೂಸಿ ತಲೆಯಾರ್‌ಖಾನ್ ಬರೆದರು. ಮದ್ರಾಸ್ ಐಐಟಿಯಲ್ಲಿ ಓದಿ ಅಮೆರಿಕ ಸೇರಿದವರು. 2002ರ ಮಾರ್ಚ್‌ನಲ್ಲಿ ಅವರ ತಂಡ ‘ಸೈನ್ಸ್’ ಪತ್ರಿಕೆಯಲ್ಲಿ ಹೇಳಿದ್ದು ಇಷ್ಟು: ಉಗುರಿನ ಬಣ್ಣ ಒರೆಸುವ ಅಸಿಟೋನ್ ತೆಗೆದುಕೊಳ್ಳಿ, ಅದರ ಹೈಡ್ರೋಜನ್ ಜಾಗಕ್ಕೆ ಅದರ ಭಾರದ ಅಣ್ಣನಾದ ಡ್ಯುಟೀರಿಯಮ್ ಕೂರಿಸಿ, ಶಬ್ದ ಹಾಯಿಸಿ, ಗುಳ್ಳೆ ಕುಸಿಯುವಾಗ ಡ್ಯುಟೀರಿಯಮ್ ಪರಮಾಣುಗಳ ಬೀಜಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಅಂದರೆ ಬೈಜಿಕ ಸಮ್ಮಿಲನ. ಸೂರ್ಯ ತನ್ನ ಒಡಲಲ್ಲಿ ಒಂದೂವರೆ ಕೋಟಿ ಡಿಗ್ರಿ ಇಟ್ಟುಕೊಂಡು ಮಾಡುವ ಇದೇ ಬಗೆಯ ಕೆಲಸ, ಮೇಜಿನ ಮೇಲಿನ ಗಾಜಿನ ಪಾತ್ರೆಯಲ್ಲಿ! ಬೇರೆಯವರು ಇಂಥ ಗುಳ್ಳೆಗಳಲ್ಲಿ ಅಳೆದು ನೋಡಿದ ಶಾಖ ಹತ್ತಿಪ್ಪತ್ತು ಸಾವಿರ ಡಿಗ್ರಿ. ಉಳಿದ ಸೊನ್ನೆಗಳನ್ನು ಕಂಪ್ಯೂಟರ್ ಲೆಕ್ಕ ಒದಗಿಸಿತು.

ಸಮ್ಮಿಲನ ಆಗಿದ್ದರೆ ನ್ಯೂಟ್ರಾನ್ ಹೊರಬರಬೇಕು, ಬಂದಿವೆ ಎಂದರು. ತೊಂದರೆ ಏನೆಂದರೆ, ಗುಳ್ಳೆ ಎಬ್ಬಿಸಲು ಅವರೇ ಹೊರಗಿನಿಂದ ನ್ಯೂಟ್ರಾನ್ ಹೊಡೆಯುತ್ತಿದ್ದರು. ರಥೋತ್ಸವದ ನಡುವೆ ತಾವೇ ಕದಿನಿ ಸಿಡಿಸಿ, ಈಗ ಯಾರೋ ಪಿಸುಗುಟ್ಟಿದರಲ್ಲ, ಕೇಳಿಸಿತಾ ಅಂತ ಕಿವಿಗೊಟ್ಟ ಹಾಗೆ. ಅದೇ ಪ್ರಯೋಗಾಲಯದ ಇಬ್ಬರು, ಶಪೀರಾ ಮತ್ತು ಸಾಲ್ಟ್‌ಮಾರ್ಷ್, ಇನ್ನೂ ದೊಡ್ಡ ಕಿವಿಯ ಉಪಕರಣ ತಂದು ಪಕ್ಕದಲ್ಲಿಟ್ಟರು. ಅದಕ್ಕೆ ಪಿಸುಮಾತು ಕೇಳಿಸಲಿಲ್ಲ. ನಿಮ್ಮ ಅಂಕಿಗಳನ್ನೇ ನಾವು ಲೆಕ್ಕ ಹಾಕಿದರೆ ಕೇಳಿಸುತ್ತದೆ ಎಂದಿತು ತಂಡ. ಹೆತ್ತವರಿಗೆ ಹೆಗ್ಗಣ ಮುದ್ದು, ಅದರಲ್ಲಿ ತಪ್ಪೇನಿಲ್ಲ. ಆದರೆ ಪ್ರಕಟಿಸಬೇಡಿ, ಸ್ವಲ್ಪ ತಡೆಯಿರಿ ಎಂದು ಹಿರಿಯ ಭೌತವಿಜ್ಞಾನಿಗಳು ಹೇಳಿದರೂ ‘ಸೈನ್ಸ್’ ಕೇಳಲಿಲ್ಲ. ಎತ್ತು ಈಯಿತು ಎಂಬ ಸುದ್ದಿ ಬಂತು, ಅವರು ಕರುವನ್ನು ಕೊಟ್ಟಿಗೆಯಲ್ಲಿ ಕಟ್ಟಿದರು, ಕಟ್ಟಿದ್ದು ಏಕೆ ಎಂದು ಸಂಪಾದಕೀಯವನ್ನೂ ಬರೆದರು.

ಕರುವಿಗೆ ಈಗ ಬೇಕಾಗಿದ್ದದ್ದು ಸಾಕ್ಷಿ. ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ಸೇತ್ ಪುಟರ್‌ಮನ್ ಇಂಥದೇ ಉಪಕರಣ ಕಟ್ಟಿ ಬಿಬಿಸಿ ಕ್ಯಾಮೆರಾದ ಮುಂದೆಯೇ ಪರೀಕ್ಷಿಸಿದರು, ಸಮ್ಮಿಲನದ ಸುಳಿವಿಲ್ಲ. ಊರೂರು ತಿರುಗಿದರೂ ಸಾಕ್ಷಿ ಸಿಗದಿದ್ದರೆ ಏನು ಮಾಡುತ್ತೇವೆ? ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋದವರಿಗೆ ಗೊತ್ತು: ಜೊತೆಗೆ ಬಂದ ಭಾವಮೈದುನನ ಕೈಗೆ ಪೆನ್ನು ಕೊಡುತ್ತೇವೆ. ಅಷ್ಟರಲ್ಲಿ ತಲೆಯಾರ್‌ಖಾನ್ ಪರ್ಡ್ಯೂಗೆ ಪ್ರಾಧ್ಯಾಪಕರಾಗಿ ಬಂದಿದ್ದರು. 2005ರಲ್ಲಿ ಅಲ್ಲಿಂದಲೇ ‘ದೃಢೀಕರಣ’ದ ಪ್ರಬಂಧ ಹೊರಟಿತು. ಪ್ರಯೋಗ ಮಾಡಿದವರು ಅವರದೇ ಪ್ರಯೋಗಾಲಯದ ಸಂಶೋಧಕ. ಲೇಖಕ ಒಬ್ಬನೇ ಆದರೆ ಬೋಳುಬೋಳಾಗಿ ಕಾಣುತ್ತದಲ್ಲ, ಒಬ್ಬ ವಿದ್ಯಾರ್ಥಿಯ ಹೆಸರೂ ಬಿತ್ತು. ಆ ಕೆಲಸದಲ್ಲಿ ಅವನ ಪಾಲು ಹೇಳಿಕೊಳ್ಳುವಂಥದ್ದಲ್ಲ ಎಂದು ಆಮೇಲೆ ವಿಶ್ವವಿದ್ಯಾಲಯವೇ ತೀರ್ಮಾನಿಸಿತು. ಚಿಂಟು ಬಂದದ್ದು ಹೀಗೆ. ಮದುವೆ ಮನೆಯ ಹಿರಿಯರ ಹೆಸರು ಮಾತ್ರ ಆ ಪತ್ರಿಕೆಯಲ್ಲಿ ಇರಲಿಲ್ಲ, ಅದೇ ಅದರ ಸೊಗಸು.

2006ರಲ್ಲಿ ಹಿರಿಯರೇ, ಅಂದರೆ ತಲೆಯಾರ್‌ಖಾನರೇ, ಮತ್ತೊಂದು ಪ್ರಬಂಧ ಬರೆದರು. ಶುರುವಿನಲ್ಲೇ ಒಂದು ಮಾತು: ಈ ಫಲಿತಾಂಶಗಳು ‘ಸ್ವತಂತ್ರವಾಗಿ’ ದೃಢಪಟ್ಟಿವೆ. ಯಾರಿಂದ? ಪಕ್ಕದ ಮೇಜಿನಿಂದ.

ಈ ಸಲ ಗುಳ್ಳೆ ಎಬ್ಬಿಸಲು ಹೊರಗಿನ ನ್ಯೂಟ್ರಾನ್ ಬೇಡವೆಂದು ದ್ರವಕ್ಕೆ ಯುರೇನಿಯಮ್ ಲವಣ ಬೆರೆಸಿದ್ದರು. ಪುಟರ್‌ಮನ್ ಬಳಗದ ಬ್ರಯಾನ್ ನರಾಂಜೊ ಕೂತು ಅಂಕಿಗಳನ್ನು ಜಾಲಾಡಿ, ಇದು ಸಮ್ಮಿಲನದ ನ್ಯೂಟ್ರಾನ್ ಮುಖವಲ್ಲ, ಕ್ಯಾಲಿಫೋರ್ನಿಯಮ್-252ರ ಮುಖ ಎಂದರು. ಅದು ಉಪಕರಣಗಳನ್ನು ಸರಿಹೊಂದಿಸಲು ಪ್ರಯೋಗಾಲಯಗಳಲ್ಲಿ ಇಟ್ಟುಕೊಳ್ಳುವ ವಿಕಿರಣ ವಸ್ತು. ನೀವು ನಮ್ಮ ಉಪಕರಣದ ಸುತ್ತ ಇದ್ದ ಐಸ್ ಪ್ಯಾಕುಗಳನ್ನು ಲೆಕ್ಕಕ್ಕೆ ಹಿಡಿದಿಲ್ಲ ಎಂದು ಉತ್ತರ ಬಂತು. ಸೂರ್ಯನನ್ನು ಉಳಿಸಲು ಐಸ್ ಬೇಕಾಯಿತು.

ಪರ್ಡ್ಯೂ ವಿಚಾರಣೆ ನಡೆಸಿ 2007ರ ಫೆಬ್ರವರಿಯಲ್ಲಿ ತಪ್ಪೇನೂ ಇಲ್ಲ ಎಂದಿತು. ವಿವರ ಕೇಳಬೇಡಿ ಎಂಬ ಧಾಟಿಯಲ್ಲಿ. ಅಮೆರಿಕದ ಸಂಸತ್ತಿನ ಉಪಸಮಿತಿಯೊಂದು ಇದೆಂಥ ವಿಚಾರಣೆ ಎಂದು ಗದರಿದ ಮೇಲೆ ಮತ್ತೆ ಕಡತ ಬಿಚ್ಚಿತು. 2008ರಲ್ಲಿ ತೀರ್ಪು: ಎರಡು ತಪ್ಪುಗಳು ಸಾಬೀತು. ಒಂದು, ಆ ವಿದ್ಯಾರ್ಥಿಯ ಹೆಸರು ಸೇರಿಸಿದ್ದು. ಇನ್ನೊಂದು, ‘ಸ್ವತಂತ್ರವಾಗಿ’ ಎಂದದ್ದು. ಉಳಿದ ಆರೋಪಗಳು ಬಿದ್ದುಹೋದವು.

ಗಮನಿಸಿ, ಮೇಜಿನ ಮೇಲೆ ಸೂರ್ಯ ಹುಟ್ಟಿದನೇ ಎಂಬುದಕ್ಕೆ ಈ ತೀರ್ಪಿನಲ್ಲಿ ಉತ್ತರ ಇಲ್ಲ. ಅದನ್ನು ಕೇಳಿದವರೂ ಇಲ್ಲ. ಆರು ವರ್ಷ, ಎರಡು ಪ್ರಯೋಗಾಲಯ, ಒಂದು ಸಂಸತ್ತು. ಕೊನೆಗೆ ತನಿಖೆ ಆಗಿದ್ದು ಮದುವೆ ನಡೆಯಿತೇ ಎಂದಲ್ಲ, ಪತ್ರಿಕೆಯಲ್ಲಿ ಚಿಂಟುವಿನ ಹೆಸರು ಹಾಕಿಸಿದವರು ಯಾರು ಎಂದು. ಇದರಲ್ಲಿ ನನಗೆ ಆಶ್ಚರ್ಯವಿಲ್ಲ. ಸೂರ್ಯನ ಬಗ್ಗೆ ಸಮಿತಿಗೆ ಏನು ಗೊತ್ತು? ಹೆಸರು, ಸಹಿ, ದಿನಾಂಕ ಇವು ಗೊತ್ತು.

ಶಿಕ್ಷೆಯೂ ಅದಕ್ಕೆ ತಕ್ಕಂತೆಯೇ ಆಯಿತು. ತಲೆಯಾರ್‌ಖಾನರ ಪ್ರಾಧ್ಯಾಪಕ ಪೀಠಕ್ಕೆ ಒಬ್ಬ ಗಣ್ಯರ ಹೆಸರಿತ್ತು, ಆ ಹೆಸರನ್ನು ಕಿತ್ತುಕೊಂಡರು, ಕುರ್ಚಿಯನ್ನು ಬಿಟ್ಟರು. 2009ರಲ್ಲಿ ಅಮೆರಿಕದ ನೌಕಾಪಡೆಯ ಸಂಶೋಧನಾ ಕಚೇರಿ 28 ತಿಂಗಳು ಕೇಂದ್ರ ಸರಕಾರದ ಹಣ ಇವರಿಗೆ ಸಿಗದಂತೆ ಮಾಡಿತು. ಹಣವಿಲ್ಲದೆ ಗುಳ್ಳೆ ಉಬ್ಬುವುದಿಲ್ಲ. ಸೀಗಡಿಗೆ ಆ ತೊಂದರೆ ಇಲ್ಲ.